ಮಂತ್ರಿಗಳ ಮುಖದ ದಣಿವು

ಬಣ್ಣದಕ್ಕ ಸಿನಿಮಾಕ್ಕೆ ಬಂದದ್ದು ಗಾಯ ಮಾಡುವುದಕ್ಕೆ. ಸುಟ್ಟ ಚರ್ಮ, ಗುಂಡೇಟು, ಹೊಲಿಗೆ ಬಿಚ್ಚಿದ ಹಣೆ, ಎಲ್ಲವನ್ನೂ ಬಣ್ಣದಲ್ಲಿ ಮೂಡಿಸುವುದನ್ನು ಎರಡು ವರ್ಷ ಕೂತು ಕಲಿತಿದ್ದಳು. ಆದರೆ ಸಿನಿಮಾದವರ ಲೆಕ್ಕವೇ ಬೇರೆ. ಲಾರಿ ಹೊಡೆದರೂ ನಾಯಕಿಯ ತುಟಿಬಣ್ಣ ಕೆಡಬಾರದು. ಹತ್ತು ಜನರಿಂದ ಒದೆ ತಿಂದ ನಾಯಕನಿಗೆ ಹುಬ್ಬಿನ ಪಕ್ಕ ಒಂದೇ ಗೀರು, ಅದೂ ಅವನಿಗೆ ಒಪ್ಪುವ ಕಡೆ. ಕಲಿತ ವಿದ್ಯೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಹನ್ನೆರಡು ವರ್ಷ ಹೀಗೇ ಏಗಿ, ಬೇಸತ್ತು, ಟಿವಿ ವಾರ್ತೆಯ ಸ್ಟುಡಿಯೋ ಸೇರಿದಳು. ಬಂದವರ ಬೆವರೊರೆಸಿ ಪೌಡರ್ ಹಚ್ಚಿದರೆ ಮುಗಿಯಿತು.

"ನೆರಳಲ್ಲಿ ಕೂತು ಮಾಡೋ ಕೆಲಸ, ಪುಣ್ಯ ಮಾಡಿದ್ದೀಯ," ಎನ್ನುತ್ತಿದ್ದಳು ಅಮ್ಮ. ದಿನವಿಡೀ ನಿಂತೇ ಇರುತ್ತಿದ್ದ ಮಗಳು ಹೂಂಗುಟ್ಟುತ್ತಿದ್ದಳು.

ಹೀಗಿರುವಾಗ ಒಂದು ವರ್ಷ ನದಿ ಉಕ್ಕಿ ಮೂರು ಊರಿಗೆ ನೀರು ನುಗ್ಗಿತು. ನಾಲ್ಕನೆಯ ದಿನ ಮಧ್ಯಾಹ್ನ, ಪರಿಹಾರದ ಹೊಣೆ ಹೊತ್ತ ಮಂತ್ರಿಗಳು ಸಂದರ್ಶನಕ್ಕೆಂದು ಬಂದು ಅವಳ ಕನ್ನಡಿಯ ಮುಂದೆ ಕೂತರು. ಕೆನ್ನೆ ಎರಡೂ ಫಳಫಳ. ಅವಳು ಪೌಡರ್ ಎತ್ತಿಕೊಳ್ಳುತ್ತಲೇ ಆಪ್ತ ಸಹಾಯಕ ಕೈ ಅಡ್ಡ ಹಿಡಿದ.

"ಬೇಡ. ಸಾಹೇಬ್ರು ಮೂರು ದಿನದಿಂದ ಕಣ್ಣು ಮುಚ್ಚಿಲ್ಲ."

"ಹಾಗೆ ಕಾಣಲ್ವಲ್ಲ ಸರ್."

"ಅದಕ್ಕೇ ಅಲ್ವೇನಮ್ಮ ನಿನ್ನ ಹತ್ರ ಬಂದಿರೋದು," ಎಂದರು ಮಂತ್ರಿಗಳು, ಯಾವ ಸಂಕೋಚವೂ ಇಲ್ಲದೆ.

ಬಣ್ಣದಕ್ಕ ಸಿನಿಮಾ ಕಾಲದ ಹಳೆಯ ಪೆಟ್ಟಿಗೆ ತೆಗೆದಳು. ಕಣ್ಣಿನ ಕೆಳಗೆ ಕಂದು, ಅದರ ಮೇಲೆ ನೇರಳೆಯ ನೆರಳು, ರೆಪ್ಪೆಯಂಚಿಗೆ ತುಸು ಕೆಂಪು. ಕೆನ್ನೆಯ ಹೊಳಪಿಗೆ ಹಳದಿ ಬಳಿದು ಅಡಗಿಸಿದಳು. ತುಟಿ ಒಣಗಿಸಿದಳು. ಸ್ಪಂಜಿನಿಂದ ಚುಕ್ಕೆ ಚುಕ್ಕೆಯಾಗಿ ಎರಡು ದಿನದ ಗಡ್ಡ ಬೆಳೆಸಿದಳು. ಸಾಕು ಎಂದು ಬುದ್ಧಿ ಹೇಳಿತು, ಕೈ ಕೇಳಲಿಲ್ಲ. ಮುಗಿದಾಗ ಮಂತ್ರಿಗಳು ಕನ್ನಡಿ ನೋಡಿಕೊಂಡು, "ಪಾಪ," ಎಂದರು.

ಅವಳು ಮನೆಗೆ ಹೋದಾಗ ಅಮ್ಮ ಟಿವಿಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಆ ಮನುಷ್ಯ ಊಟ ಮಾಡಿ ಎಷ್ಟು ದಿನವಾಯ್ತೋ. ಒಂಚೂರು ಪೌಡರ್ ಆದ್ರೂ ಹಚ್ಚಬಾರದಿತ್ತೇನೆ?"

ನಾಡಿಗೆ ನಾಡೇ ಕರಗಿತು. ಎಲ್ಲರಿಗಿಂತ ಹೆಚ್ಚು ಕರಗಿದವರು ಪಕ್ಷದ ಹಿರಿಯರು. ಇಷ್ಟು ದಣಿದ ಜೀವಕ್ಕೆ ಇನ್ನೂ ಹೊರೆ ಹೊರಿಸಿದರೆ ಮೆಚ್ಚುವನೇ ಭಗವಂತ ಎಂದು, ಎರಡು ವರ್ಷದಿಂದ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬರಿಗೆ ಖಾತೆ ಒಪ್ಪಿಸಿದರು. ಆರೋಗ್ಯದ ಕಾರಣ, ಎಂದು ಪ್ರಕಟಣೆ ಹೊರಟಿತು.

ಮಾಜಿಗಳು ಮುಖ ತೊಳೆದುಕೊಂಡು ಸ್ಟುಡಿಯೋಗೆ ಓಡಿ ಬಂದರು. "ಏನೂ ಹಚ್ಚಬೇಡ. ಇದ್ದ ಹಾಗೇ ಹೋಗ್ತೀನಿ." ಇದ್ದ ಹಾಗೇ ಹೋಗಿ, ತಾವು ಗುಂಡುಕಲ್ಲಿನಂತಿರುವುದಾಗಿ ಸಾರಿದರು. ನೋಡಿದವರೆಲ್ಲ ಲೊಚಗುಟ್ಟಿದರು: ಕಾಯಿಲೆ ಮುಚ್ಚೋಕೆ ಪಾಪ ಎಷ್ಟು ಬಣ್ಣ ಬಳಕೊಂಡಿದ್ದಾರೆ.

ಹೊರಡುವಾಗ ಆಪ್ತ ಸಹಾಯಕ ಬಣ್ಣದಕ್ಕನನ್ನು ಮೂಲೆಗೆ ಕರೆದ. "ಅವತ್ತಿನ ವಿಷಯ ಬಾಯಿಬಿಟ್ರೆ ನಿಮ್ಮ ಕೆಲಸ ಉಳಿಯಲ್ಲ."

ತಿಂಗಳು ಕಳೆಯಿತು. ವಾಸ್ತವದ ಸಿನಿಮಾಗಳಿಗೆ ಹೆಸರಾದ ನಿರ್ದೇಶಕರೊಬ್ಬರು ಅವಳನ್ನು ಕರೆಸಿದರು. ನಿದ್ದೆಗೆಟ್ಟ ನಾಯಕನ ಮುಖ ಬೇಕಾಗಿತ್ತು. ಅವಳು ಅದೇ ಪೆಟ್ಟಿಗೆ, ಅದೇ ಸ್ಪಂಜು ಹಿಡಿದು ಕೂತು ಮಾಡಿಕೊಟ್ಟಳು. ನಿರ್ದೇಶಕರು ಒಪ್ಪದೆ ತಲೆಯಾಡಿಸಿ, ಫೋನಿನಲ್ಲಿ ಮಂತ್ರಿಗಳ ಅವತ್ತಿನ ಸಂದರ್ಶನದ ಚಿತ್ರ ತೋರಿಸಿದರು.

"ಇಲ್ಲಿ ನೋವು ಕಾಣುತ್ತೆ. ನಿಮ್ಮದ್ರಲ್ಲಿ ಬಣ್ಣ ಕಾಣುತ್ತೆ. ದಣಿದ ಮನುಷ್ಯರನ್ನ ಹತ್ತಿರದಿಂದ ನೋಡಿ ಅಭ್ಯಾಸ ಇಲ್ಲ ನಿಮಗೆ."

"ಇಲ್ಲ ಸರ್," ಎಂದು ಬಣ್ಣದಕ್ಕ ಪೆಟ್ಟಿಗೆ ಮುಚ್ಚಿದಳು.

ಮನೆಯಲ್ಲಿ ತಡೆಯಲಾಗಲಿಲ್ಲ. "ಅಮ್ಮ, ಆ ಮಂತ್ರಿ ಮುಖ ಮಾಡಿದ್ದು ನಾನು."

ಬಟ್ಟೆ ಮಡಚುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. "ಸುಮ್ನಿರೇ. ಅದು ಸಂಕಟದಿಂದ ಬಂದ ಮುಖ. ಅಂಥದ್ದನ್ನ ಕೈಯಲ್ಲಿ ಮಾಡೋಕಾಗುತ್ತಾ?"

ಇಷ್ಟು ವರ್ಷದಲ್ಲಿ ಅವಳ ಕೆಲಸವನ್ನು ಹೀಗೆ ಮೆಚ್ಚಿದವರು ಯಾರೂ ಇರಲಿಲ್ಲ. ಬಣ್ಣದಕ್ಕ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.