ಕಿಟಕಿ ಚಿತ್ರದ ಬಟನ್

ಜೇವರ್ಗಿಯ ಬಸ್ ನಿಲ್ದಾಣದ ಹತ್ತಿರ ದೇವಾನಂದನದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಗಿರಾಕಿಗಳು ತರುವ ಪೆನ್ ಡ್ರೈವ್‌ಗಳಿಂದ ವೈರಸ್ ಹತ್ತಿ ಅವನ ಕಂಪ್ಯೂಟರ್ ಮೇಲಿಂದ ಮೇಲೆ ಮಲಗುತ್ತಿತ್ತು. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಹೆಂಡತಿ ಸಪ್ನಾ ಒಂದು ಭಾನುವಾರ ಅಂಗಡಿಗೆ ಬಂದು ಕೂತು, ವಿಂಡೋಸ್ ತೆಗೆದು, ಅಷ್ಟು ಸುಲಭಕ್ಕೆ ವೈರಸ್ ಹತ್ತದ ಲಿನಕ್ಸ್ ಹಾಕಿಬಿಟ್ಟಳು. ದೇವಾನಂದ ಬೇಡ ಎನ್ನಲಿಲ್ಲ. ಸಪ್ನಾಳಿಗೆ ಬೇಡ ಎಂದು ಹೇಳಿ ಅವನಿಗೆ ರೂಢಿಯೇ ಇರಲಿಲ್ಲ.

ಸೋಮವಾರ ಮುಂಜಾನೆ ಕಂಪ್ಯೂಟರ್ ಹಚ್ಚಿದಾಗ ಅವನಿಗೆ ಯಾರದೋ ಅಡುಗೆಮನೆಗೆ ಹೊಕ್ಕಂತಾಯಿತು. ಸಿ ಡ್ರೈವ್ ಇಲ್ಲ, ಡಿ ಡ್ರೈವ್ ಇಲ್ಲ. ಹುಡುಕಿ ಹುಡುಕಿ ಹಳೆಯ ಫೈಲುಗಳು ಸಿಗುವಷ್ಟರಲ್ಲಿ ಚಾಂದಬೀ ಬಂದಳು. ಖಡಕ್ ರೊಟ್ಟಿ ಮಾಡಿ ಸುತ್ತಲಿನ ಊರುಗಳಿಗೆ ಕಳಿಸುವವಳು.

"ದೇವಾನಂದ ಭಾಯ್, ರೊಟ್ಟಿ ಪಾಕೀಟಿಗೆ ಹಚ್ಚೋ ಚೀಟಿ ಬೇಕ್ರಿ. ಹೋದ ಸಲದ್ದೇ ತೆಗೀರಿ. ಮಧ್ಯಾಹ್ನದ ಬಸ್ಸಿಗೆ ಅಫಜಲಪುರಕ್ಕ ಮಾಲ್ ಹೋಗಬೇಕು."

ದೇವಾನಂದ ಫೈಲು ತೆರೆದ. 'ಖಡಕ್ ರೊಟ್ಟಿ' ಇರಬೇಕಾದಲ್ಲಿ ಕೊಂಬು, ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳು ನಿಂತಿದ್ದವು. ಹಳೆಯ ಕನ್ನಡ ಫಾಂಟು ಹೊಸದರಲ್ಲಿ ಇರಲಿಲ್ಲ.

"ಅಯ್ಯ, ಇದ್ಯಾವ ಭಾಷಾರೀ?" ಚಾಂದಬೀ ಬಗ್ಗಿ ನೋಡಿದಳು.

"ನಮ್ಮ ಮನಿಯಾಕಿ ಭಾಷಾ, ಆಪಾ."

"ಹಂಗೇ ಛಾಪಿಸ್ರಿ. ದುಬೈ ರೊಟ್ಟಿ ಅಂತ ಜಲ್ದಿ ಖರ್ಚಾಗ್ತಾವ!"

ಅವಳು ಬಿದ್ದು ಬಿದ್ದು ನಕ್ಕಳು. ದೇವಾನಂದನಿಗೆ ನಗು ಬರಲಿಲ್ಲ. ಹೊಸದಾಗಿ ಟೈಪ್ ಮಾಡೋಣವೆಂದರೆ ಯಾವ ಬಟನ್ ಒತ್ತಿದರೂ ಇಂಗ್ಲಿಷೇ ಬರುತ್ತಿತ್ತು. ಕಡೆಗೆ ಶಾಲೆಯಲ್ಲಿದ್ದ ಸಪ್ನಾಳಿಗೆ ಫೋನ್ ಹಚ್ಚಿದ.

"ಏ ಸಪ್ನಾ, ನಿನ್ನ ಕಂಪ್ಯೂಟರಿಗೆ ಕನ್ನಡ ಬರಂಗಿಲ್ಲ. ನನ್ನ ಹಳೇದು ವಾಪಸ್ ಹಾಕಿ ಕೊಡು."

"ಬರ್ತದ್ರಿ. ಕಿಟಕಿ ಚಿತ್ರದ ಬಟನ್ ಹಿಡಕೊಂಡು ಸ್ಪೇಸ್ ಒತ್ರಿ."

"ಕಿಟಕಿದು? ಅದು ವಿಂಡೋಸ್‌ನವರದಲ್ಲಾ? ಅವರ ಮನಿ ಬಿಟ್ಟು ಬಂದೇವಿ ಅಂತ ಮುಂಜಾನಿಂದ ಅದೊಂದು ಬಟನ್ ಮುಟ್ಟಿಲ್ಲ ನಾ."

ಫೋನಿನಲ್ಲಿ ಸಪ್ನಾಳ ಜೊತೆ ಇನ್ನೂ ನಾಲ್ಕು ಮೇಡಮ್ಮುಗಳು ನಕ್ಕಿದ್ದು ಕೇಳಿಸಿತು. "ಚಿತ್ರ ಅವರದಿರಬಹುದ್ರಿ, ಬಟನ್ ನಮ್ಮದು. ಒತ್ರಿ."

ಒತ್ತಿದ. 'ಖ' ಬಂತು. ಅವನ ಬೆರಳುಗಳಿಗೆ ಗೊತ್ತಿದ್ದ ಕೀಲಿಮಣೆ ವಿನ್ಯಾಸವನ್ನೇ ಸಪ್ನಾ ಹಾಕಿಟ್ಟಿದ್ದಳು. ಡಕಾರ, ಒತ್ತಕ್ಷರ ಎಲ್ಲ ಒಂದರ ಹಿಂದೊಂದು ಬಂದು ಕೂತವು.

"ಮೊದಲಿನಕಿಂತ ಗುಂಡಗ ಆಗ್ಯಾವ ನೋಡ್ರಿ ಅಕ್ಷರ," ಎಂದಳು ಚಾಂದಬೀ. "ನನ್ನ ರೊಟ್ಟಿಗಿಂತ ಗುಂಡಗ."

ಪ್ರಿಂಟ್ ಕೊಟ್ಟ ದೇವಾನಂದ, ಪ್ರಿಂಟರಿನ ನೆತ್ತಿಗೆ ಒಂದೇಟು ಹಾಕಲು ಎದ್ದು ನಿಂತ. ಬಡಿಯದೆ ಅದು ಎಂದೂ ನಡೆದದ್ದಿಲ್ಲ. ಕೈ ಎತ್ತುವುದರೊಳಗೆ ಹಾಳೆ ತಾನಾಗಿ ಹೊರಬಿತ್ತು. ಎತ್ತಿದ ಕೈಯಿಂದ ಅವನು ತಲೆ ಕೆರೆದುಕೊಂಡ. ಚಾಂದಬೀ ಚೀಟಿಗಳನ್ನು ಚೀಲಕ್ಕೆ ತುರುಕಿ ಬಸ್ಸಿನ ಕಡೆ ಓಡಿದಳು.

ಸಂಜೆ ಶಾಲೆ ಬಿಟ್ಟು ಅಂಗಡಿಗೆ ಬಂದ ಸಪ್ನಾ, "ಹಳೇದು ವಾಪಸ್ ಹಾಕ್ಲೇನ್ರಿ?" ಎಂದು ಕೇಳಿದಳು.

"ಈಗ ಬ್ಯಾಡ, ಕೆಲಸ ಭಾಳ ಅದ," ದೇವಾನಂದ ಪರದೆಯಿಂದ ಕಣ್ಣು ಕೀಳದೆ ಹೇಳಿದ. "ಈ ಚಿತ್ರಗಳ ಸಾಲು ಎಡಗಡೆ ನಿಂತದಲ್ಲ, ಅದನ್ನಷ್ಟು ಕೆಳಗ ಕೂಡಿಸಬೇಕು. ತಡಿ, ಹೇಳಬ್ಯಾಡ. ನಾನೇ ಹುಡುಕಾಕತ್ತೇನಿ."

ಸಪ್ನಾ ಎರಡು ಚಹಾ ಹೇಳಿ, ಸ್ಟೂಲ್ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.