ಶೇವಂತಾ ಹೇಳದೆ ಉಳಿಸಿಕೊಂಡ ಉತ್ತರ

"ತಲಿ ಕಡಿ ಎತ್ತಿ ಹಿಡೀರಿ, ಗ್ವಾಡಿಗಿ ತಾಕ್ತದ! ಏ, ನಿಂದರ್ರಿ, ನಿಂದರ್ರಿ!"

ತುಕಾರಾಮ ಕೆಳಗಿನ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿ ಕೂಗಿದರು. ಜೇವರ್ಗಿ ಕಾಲೋನಿಯ ಆ ಮನೆಯ ಮೆಟ್ಟಿಲು ನಡುವೆ ಗಕ್ಕನೆ ಬಲಕ್ಕೆ ತಿರುಗುತ್ತದೆ. ಹೆಣ ಹೊತ್ತವರು ಆ ತಿರುವಿನಲ್ಲೇ ಸಿಕ್ಕಿಕೊಂಡಿದ್ದರು. ಮುಂದಿನವರು ಇಳಿಯಹೋದರೆ ಹಿಂದಿನವರ ಮೊಣಕೈ ಗೋಡೆಗೆ ಉಜ್ಜುತ್ತಿತ್ತು. ಹಿಂದಿನವರು ಎತ್ತಿದರೆ ಸುಧಾಕರ ಮಾಸ್ತರರ ಕಾಲು ಕಬ್ಬಿಣದ ಕಂಬಿಗೆ ಬಡಿಯುತ್ತಿತ್ತು. ತಮ್ಮನ ಕಾಲು ಹಾಗೆ ಬಡಿದಾಗಲೆಲ್ಲ ತುಕಾರಾಮ ತಮಗೇ ಪೆಟ್ಟು ಬಿದ್ದವರಂತೆ ಮುಖ ಕಿವುಚುತ್ತಿದ್ದರು.

ಮಾಸ್ತರರ ಹೆಂಡತಿ ಶೇವಂತಾ ಮೇಲಿನ ಬಾಗಿಲಲ್ಲಿ ನಿಂತಿದ್ದಳು. ಕೆಳಗಿನ ಮನೆಯ ಅಕ್ಬರಿ ಬೇಗಂ ಅವಳ ತೋಳು ಹಿಡಿದುಕೊಂಡಿದ್ದರು. "ಸಬರ್ ಮಾಡ್ರಿ, ಬೆಹನ್. ಒಳಗ ಬರ್ರಿ, ಇದು ನೋಡಬ್ಯಾಡ್ರಿ" ಎಂದರು. ಶೇವಂತಾ ಕದಲಲಿಲ್ಲ.

ಯಶೋಧರಾ ತಾಯಿಯನ್ನು ದಾಟಿ ಇಳಿದು ಬಂದಳು. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಮಗಳು ಬೆಳಗಿನ ರೈಲಿಗೆ ಬಂದಿದ್ದಳು. ಬಂದಾಗಿನಿಂದ ಅತ್ತಿರಲಿಲ್ಲ.

"ದೊಡ್ಡಪ್ಪಾ, ನೀವು ಸರೀರಿ. ಚಟ್ಟದ ಕಟ್ಟಿಗಿ ತಗೀರಿ. ಚಾದರ ನಾಕೂ ಮೂಲಿ ಹಿಡೀರಿ. ಕಾಲ ಮೊದಲ ಕೆಳಗ, ಮೈ ನಿಲ್ಲಿಸಿದಂಗ ಮಾಡ್ರಿ. ಹಾಂ, ಈಗ ತಿರುವ್ರಿ."

ದೇಹ ತಿರುವು ದಾಟಿತು. ಓಣಿಯಲ್ಲಿ ನಿಂತವರೊಬ್ಬರು, "ಮಾಸ್ತರ ಮಗಳಲ್ಲೇನು! ಹೆಂಗ್ ಲೆಕ್ಕ ಹಾಕಿದಳು ನೋಡ್ರಿ" ಎಂದರು.

"ಲೆಕ್ಕ ಅಲ್ರೀ" ಎಂದಳು ಯಶೋಧರಾ, ತಿರುಗಿಯೂ ನೋಡದೆ. "ದವಾಖಾನ್ಯಾಗ ದಿನಾ ಇದೇ ಕೆಲಸ."

*

ಸುಧಾಕರ ಮಾಸ್ತರರು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಆದರೆ ಅವರ ಜೀವವೆಲ್ಲ ಭಾನುವಾರದಲ್ಲಿತ್ತು. ಭಾನುವಾರ ಮುಂಜಾನೆ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಗಣಿತ ಸ್ಪರ್ಧೆಗೆ ಕೂಡುವ ಮಕ್ಕಳನ್ನು ಕೂಡಿಸಿಕೊಳ್ಳುತ್ತಿದ್ದರು. ಫೀಸಿಲ್ಲ. ಶಾಲೆಯ ಪುಸ್ತಕದ ಲೆಕ್ಕ ಅಲ್ಲಿ ಕಾಲಿಡುವಂತಿರಲಿಲ್ಲ. ಸೂತ್ರ ಬಾಯಿಪಾಠ ಬರುವವನಿಗೂ ದಾರಿ ತಪ್ಪಿಸುವ ಲೆಕ್ಕಗಳು, ನೋಡಿದರೆ ಕೂಸಿನ ಆಟದಂತಿದ್ದು ಒಳಗಿಳಿದರೆ ತಳ ಸಿಗದ ಲೆಕ್ಕಗಳು. ಅವರ ನಿಯಮ ಒಂದೇ: ಉತ್ತರ ಹೇಳುವುದಿಲ್ಲ.

"ಉತ್ತರ ಹೇಳೋದಂದ್ರ ಹುಡುಗರ ಊಟ ನಾವು ಉಂಡಂಗ" ಎನ್ನುತ್ತಿದ್ದರು. "ಹಸೀಲಿ. ಹಸದವ್ರು ತಾವೇ ಹುಡುಕ್ತಾರ."

ಯಶೋಧರಾ ಆಗ ಏಳನೇ ಇಯತ್ತೆ. ಅವಳೂ ಚಾಪೆಯ ಮೇಲೆ ಕೂಡುತ್ತಿದ್ದಳು, ಅಪ್ಪನ ಮಗಳೆಂದು. ಒಂದು ಭಾನುವಾರ ಮಾಸ್ತರರು ಅವಳ ಕೈಗೆ ಸುಣ್ಣದಕಡ್ಡಿ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿದರು. "ಒಂದು ಮದುವಿ ಮನಿ. ಬಂದ ಮಂದಿ ಕೆಲವರು ಕೆಲವರ ಕೈ ಕುಲುಕ್ಯಾರ. ಯಾರು ಎಷ್ಟು ಮಂದಿದು ಕುಲುಕ್ಯಾರ, ನಮಗ ಗೊತ್ತಿಲ್ಲ. ಆದ್ರೂ ನಾ ಹೇಳ್ತೀನಿ, ಸಮಸಮ ಮಂದಿ ಕೈ ಕುಲುಕಿದ ಇಬ್ಬರು ಆ ಮನ್ಯಾಗ ಇದ್ದೇ ಇರ್ತಾರ. ಯಾಕ?"

ಹುಡುಗಿ ಬೋರ್ಡು ನೋಡಿದಳು. ಅಪ್ಪನ ಮುಖ ನೋಡಿದಳು. "ಗೊತ್ತಿಲ್ಲ."

"ವಿಚಾರ ಮಾಡು."

ಮಾಸ್ತರರು ಕಾದರು. ಮಕ್ಕಳೆಲ್ಲ ಕಾದರು. ಅಡಿಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದ ಶೇವಂತಾಳ ಕೈ ನಿಂತುಬಿಟ್ಟಿತು. ಮಗಳ ಕುತ್ತಿಗೆ ಕೆಂಪೇರುವುದು ಬಾಗಿಲ ಸಂದಿಯಿಂದ ಅವಳಿಗೆ ಕಾಣುತ್ತಿತ್ತು. ಯಾರೋ ಕಿಸಕ್ಕೆಂದರು. ಯಶೋಧರಾ ಸುಣ್ಣದಕಡ್ಡಿಯನ್ನು ಸದ್ದಾಗದಂತೆ ಕೆಳಗಿಟ್ಟು, ಮೆಟ್ಟಿಲಿಳಿದು ಅಕ್ಬರಿ ಬೇಗಂರ ಮನೆಗೆ ಹೋದಳು. ಮತ್ತೆಂದೂ ಆ ಚಾಪೆಯ ಮೇಲೆ ಕೂಡಲಿಲ್ಲ.

ಶೇವಂತಾ ಅವಳ ಹಿಂದೆ ಹೋಗಬೇಕಾಗಿತ್ತು. ಹಿಟ್ಟಿನ ಕೈ ಒರೆಸಿಕೊಂಡು ಬಾಗಿಲ ತನಕ ಬಂದಿದ್ದಳು ಕೂಡ. ಅಷ್ಟರಲ್ಲಿ ಮೂಲೆಯಿಂದ ಫರ್ಹೀನ್ ಎಂಬ ಹುಡುಗಿ ಎದ್ದು, "ಸರ್, ನಾ ಹೇಳ್ಲೇನ್ರಿ?" ಎಂದು ಬೋರ್ಡಿಗೆ ಬಂದಳು. ತೊದಲುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಅವಳು ಉತ್ತರಕ್ಕೆ ಹತ್ತಿರಾಗುತ್ತಿದ್ದಂತೆ ಮಾಸ್ತರರ ಮುಖ ಬೆಳಗತೊಡಗಿತು. ಗಂಡನ ಮುಖ ಹಾಗೆ ಬೆಳಗಿದ್ದನ್ನು ಶೇವಂತಾ ಮದುವೆಯಲ್ಲೂ ಕಂಡಿರಲಿಲ್ಲ. ಅವಳು ಬಾಗಿಲಲ್ಲೇ ನಿಂತು ಕೊನೆಯ ತನಕ ಕೇಳಿದಳು.

ಆ ರಾತ್ರಿ ಊಟಕ್ಕೆ ಕೂತಾಗ, "ಕೂಸಿನ್ನ ಕರೀರಿ. ಬ್ಯಾರೇ ಮಕ್ಕಳಿಗಿ ತಾಸುಗಟ್ಲೆ ಕೊಡ್ತೀರಿ, ಅಕಿಗಿ ಒಂದು ಮಾತು ಹೇಳಿದ್ರ ಏನಾಗ್ತದ?" ಎಂದಳು.

ಮಾಸ್ತರರು ರೊಟ್ಟಿ ಮುರಿದರು. "ಅಕಿ ತಾನೇ ಬರಬೇಕು" ಎಂದರು. ಎಂಥ ಕಠಿಣ ಲೆಕ್ಕಕ್ಕೂ ಎದೆಗೊಟ್ಟು ನಿಲ್ಲುವ ಮನುಷ್ಯ, ಮಗಳ ಮುನಿಸಿನ ಎದುರು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದರು.

*

ಗಾಡಿ ಮಾಸ್ತರರ ಊರಾದ ಕಮಲಾಪುರದ ದಾರಿ ಹಿಡಿಯಿತು. ತುಕಾರಾಮ ಮುಂದೆ, ಡ್ರೈವರ್ ಪಕ್ಕದಲ್ಲಿ. ಹಿಂದೆ ಮಾಸ್ತರರ ಎಡಬಲಕ್ಕೆ ತಾಯಿ, ಮಗಳು. ರಸ್ತೆ ಕೆಟ್ಟಿದ್ದಲ್ಲಿ ಮಾಸ್ತರರ ತಲೆ ಅಲುಗಾಡದಂತೆ ಯಶೋಧರಾ ಅಂಗೈ ಒಡ್ಡುತ್ತಿದ್ದಳು.

"ಫರ್ಹೀನ್ ಬೀದರದಿಂದ ಸೀದಾ ಊರಿಗಿ ಬರ್ತಾಳಂತ" ಎಂದಳು ಶೇವಂತಾ.

"ಬರ್ಲಿ. ಅಪ್ಪನ ಖರೇ ಮಗಳು ಅಕೀನೇ ಅಲ್ಲೇನು?"

"ಹಂಗ್ಯಾಕ ಅಂತಿ?"

"ಮತ್ತೇನವ್ವಾ? ಅಕಿ ಪುಣೆದಾಗೋ ಎಲ್ಲೋ ಗಣಿತದ ಕ್ಯಾಂಪಿಗಿ ಆರಿಸಿ ಹೋದಾಗ ಇವ್ರು ಸ್ಟೇಷನ್‌ಗಿ ಹೋಗಿದ್ರು ಬಿಟ್ಟುಬರ್ಲಾಕ. ನಾ ನರ್ಸಿಂಗ್‌ಗಿ ಹೋಗೋವಾಗ ಏನಂದ್ರು, ನೆನಪದಾ? 'ಜ್ವಾಕಿ' ಅಂದ್ರು. ಅಷ್ಟೇ." ಅವಳು ಅಪ್ಪನ ಮುಖದ ಮೇಲಿನ ಬಿಳಿ ಬಟ್ಟೆ ಸರಿಪಡಿಸಿದಳು. "ನಾ ದಡ್ಡಿ ಅಂತ ಒಮ್ಮೆ ಬೈದಿದ್ರ ಛಲೋ ಇತ್ತು. ಬೈಲೂ ಇಲ್ಲ."

ಶೇವಂತಾಳಲ್ಲೂ ಹೇಳದೆ ಉಳಿದ ಮಾತೊಂದಿತ್ತು. ಈಗ ಹೇಳಲೇ ಎಂದುಕೊಂಡಳು. ಗಂಡನ ದೇಹದ ಮೇಲಿಂದ ಅದನ್ನು ದಾಟಿಸಲು ಆಗಲಿಲ್ಲ.

*

ಮಾಸ್ತರರಿಗೆ ಹತ್ತಿದ ಮರೆವು ಮೊದಲು ಹೆಸರುಗಳನ್ನು ಒಯ್ದಿತು. ಆಮೇಲೆ ದಾರಿ. ಶರಣಬಸವೇಶ್ವರ ಗುಡಿಯ ಹತ್ತಿರ ನಿಂತು ಮನೆ ಯಾವ ಕಡೆ ಎಂದು ಕೇಳುತ್ತಿದ್ದವರನ್ನು ಪರಿಚಯದ ಆಟೋದವನು ಕರೆತಂದ. ಭಾನುವಾರದ ಮಕ್ಕಳು ಅಷ್ಟರಲ್ಲಾಗಲೇ ಡಾಕ್ಟರಿ ಸೀಟಿನ ಕೋಚಿಂಗಿಗೆ ಹೊರಟುಹೋಗಿದ್ದರು. ಉಳಿದ ಒಬ್ಬಿಬ್ಬರು, ಬಿಡಿಸಿ ಮುಗಿಸಿದ ಲೆಕ್ಕವನ್ನೇ ಮಾಸ್ತರರು ಮತ್ತೆ ಬೋರ್ಡಿನ ಮೇಲೆ ಬರೆದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ವಾರ ಬರಲಿಲ್ಲ.

ಚಾಪೆ ಹಾಸಿಕೊಂಡು ಕಾಯುವ ಗಂಡನನ್ನು ನೋಡಲಾರದೆ ಶೇವಂತಾ ಒಂದು ಮುಂಜಾನೆ ಚಹಾ ಕೊಡುತ್ತ, "ರೀ, ಒಂದು ಲೆಕ್ಕ ಹೇಳ್ಲೇನು?" ಎಂದಳು. ಅವಳಿಗೆ ಬರುತ್ತಿದ್ದದ್ದು ಒಂದೇ ಲೆಕ್ಕ. ಬಾಗಿಲಲ್ಲಿ ನಿಂತು ಕೇಳಿದ್ದು. ಮದುವೆ ಮನೆ, ಕೈ ಕುಲುಕಿದ ಮಂದಿ.

ಮಾಸ್ತರರು ಬಟ್ಟಲು ಕೆಳಗಿಟ್ಟರು. ಕಣ್ಣು ಸಣ್ಣಗಾಯಿತು. ತುಟಿಗಳು ಅಲುಗಿದವು. ಚಹಾ ಆರಿತು. ಆಮೇಲೆ ಆ ಮುಖ ಬೆಳಗಿತು, ಅಂದು ಬೋರ್ಡಿನ ಮುಂದೆ ಬೆಳಗಿದ್ದ ಹಾಗೆಯೇ. "ಏ ಶೇವಂತಾ! ಭಾರೀ ಅದಲ ಇದು! ಯಾರ ಹೇಳಿದ್ರು ನಿನಗ?"

ಮರುದಿನ ಅವರಿಗೆ ಅದು ನೆನಪಿರಲಿಲ್ಲ. ಅವಳು ಮತ್ತೆ ಅದನ್ನೇ ಹೇಳಿದಳು. ಮತ್ತೆ ಅವರು ಹುಡುಕಿದರು, ಮತ್ತೆ ಬೆಳಗಿದರು. ದಿನಾ ಅದೇ ಮದುವೆ, ಅದೇ ಮಂದಿ. ಶೇವಂತಾಳಿಗೆ ಮೊದಮೊದಲು ಅಳು ಬರುತ್ತಿತ್ತು. ಬರಬರುತ್ತ ಅವಳೂ ಆ ಗಳಿಗೆಗೆ ಕಾಯತೊಡಗಿದಳು. ಬೇರೆ ಯಾರ ಮಗುವೂ ಇಲ್ಲದ ಕೋಣೆಯಲ್ಲಿ ಗಂಡ ಅವಳೊಬ್ಬಳಿಗೇ ಬೆಳಗುತ್ತಿದ್ದರು.

ಹೋದ ಬೇಸಗೆಯಲ್ಲಿ ಒಂದು ದಿನ ಅವರು ಅರ್ಧಕ್ಕೆ ನಿಂತರು. ಬಿಸಿಲು ಕಿಟಕಿಯಿಂದ ಗೋಡೆಗೆ ಬಂತು. ಅವರು ಇನ್ನೂ ತುಟಿ ಅಲುಗಿಸುತ್ತಿದ್ದರು. ಕೊನೆಗೆ ಅವಳ ಸೆರಗು ಹಿಡಿದುಕೊಂಡರು.

"ಮುಂದ ಸಿಗವಲ್ದು. ಹೇಳು, ಶೇವಂತಾ."

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಉತ್ತರ ಹೇಳಬಾರದೆಂಬುದು ಅವರದೇ ನಿಯಮ. ಹೇಳಿದರೆ ಎಲ್ಲ ಮುಗಿದೇಹೋಯಿತು ಎಂದು ತಾನೇ ಒಪ್ಪಿಕೊಂಡಂತೆ. ನಾಳೆ ಸಿಕ್ಕೀತು. "ವಿಚಾರ ಮಾಡ್ರಿ" ಎಂದಳು. "ನಾಳಿ ಮಾಡೋಣು."

"ಹೇಳು ಅಂದ್ನಿ" ಎಂದರು ಅವರು, ಕೂಸಿನ ದನಿಯಲ್ಲಿ. ಅವಳು ಸೆರಗು ಬಿಡಿಸಿಕೊಂಡು ಒಳಗೆ ಹೋದಳು.

ಮರುದಿನ ಲೆಕ್ಕ ಹೇಳಿದಾಗ ಅವರು ಅವಳತ್ತ ನೋಡಲೇ ಇಲ್ಲ. ಅದರ ಮರುದಿನವೂ ಇಲ್ಲ. ಆ ಮೇಲೆ ಬಾಯಿಂದ ಬಂದದ್ದು ನೀರು, ಸಾಕು, ಬೇಡ ಎಂಬಂಥ ಮಾತುಗಳಷ್ಟೇ.

*

ಕಮಲಾಪುರದಲ್ಲಿ ತುಕಾರಾಮರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬಿಳಿ ಬಟ್ಟೆ ಉಟ್ಟ ನೆಂಟರು ಮೇಣದ ಬತ್ತಿ ಹಚ್ಚಿದರು, ಬೌದ್ಧರ ತ್ರಿಶರಣ ಪಂಚಶೀಲ ಹೇಳಿದರು. ಫರ್ಹೀನ್ ಬಂದು ಮಾಸ್ತರರ ಕಾಲ ಬಳಿ ನಿಂತಳು. ಬೀದರದ ಕಾಲೇಜಿನಲ್ಲಿ ಗಣಿತ ಕಲಿಸುವ ಆ ಹೆಣ್ಣುಮಗಳು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಆಮೇಲೆ ಬಂದು ಯಶೋಧರಾಳ ಪಕ್ಕ ಕೂತು, ಏನಾದರೂ ಹೇಳಬೇಕೆಂದು ಹೇಳಿದಳು:

"ನಿಮ್ಮಪ್ಪಾರು ನನಗ ಒಂದು ಲೆಕ್ಕ ಕೊಟ್ಟು ಹತ್ತನೇದಿಂದ ಪಿಯುಸಿ ಮುಗಿಯೋ ತನಕ ಕಾದ್ರು, ಯಶೋಧರಾ. ಬೇಡಿದ್ರೂ ಉತ್ತರ ಹೇಳ್ಲಿಲ್ಲ. ಅವ್ರು ಕಾದಂಗ ಯಾರೂ ನನಗ ಕಾದಿಲ್ಲ."

"ನಿನಗ ಕಾದ್ರು" ಎಂದಳು ಯಶೋಧರಾ. ದನಿ ಏರಿಸಲಿಲ್ಲ. "ನನಗ ಕಾಯ್ಲಿಲ್ಲ."

ಫರ್ಹೀನ್ ತುಸು ಸರಿದು ಕೂತಳು. ಸುತ್ತ ಕೂತ ಹೆಂಗಸರು ನೆಲ ನೋಡಿದರು. ತುಕಾರಾಮ ಮಾತ್ರ ತಮ್ಮ ಸಂಕಟದಲ್ಲಿ, "ಅವ ಮನೀಗಿ ಏನ್ ಮಾಡ್ದ, ಹೇಳ್ರಿ" ಎಂದರು. "ಮಂದಿ ಮಕ್ಕಳ ತಲಿ ತಿದ್ದಿದ. ಕಡೀಕ ತನ್ನ ತಲೀನೇ ಕೈ ಬಿಡ್ತು."

ಮಣ್ಣು ಮಾಡುವಾಗ ಶೇವಂತಾ ಒಂದು ಹಿಡಿ ಹಾಕಿದಳು. ಯಶೋಧರಾ ಹಾಕಿದಳು. ಫರ್ಹೀನ್ ಹಿಂದೆ ನಿಂತಿದ್ದಳು. ಯಾರೋ ದಾರಿ ಬಿಟ್ಟಾಗ ಅವಳೂ ಬಂದು ಹಾಕಿ, ಯಾರಿಗೂ ಹೇಳದೆ ಬೀದರದ ಬಸ್ಸಿಗೆ ಹೊರಟುಹೋದಳು.

ಸಂಜೆ ನೆಂಟರು ಚಹಾ ಕುಡಿಯುತ್ತಿದ್ದಾಗ ತಾಯಿ ಮಗಳು ಹಿತ್ತಲಿನ ಕಟ್ಟೆಯ ಮೇಲೆ ಕೂತರು. ಕಾಲು ತೊಳೆದ ನೀರು ಕೆಮ್ಮಣ್ಣಿನಲ್ಲಿ ಇಂಗುತ್ತಿತ್ತು.

"ಯಶೂ" ಎಂದಳು ಶೇವಂತಾ. "ಅವ್ರು ನನಗ ಒಂದು ಲೆಕ್ಕದ ಉತ್ತರ ಕೇಳಿದ್ರು. ಸೆರಗ ಹಿಡದು ಕೇಳಿದ್ರು. ನನಗ ಗೊತ್ತಿತ್ತು. ಹೇಳ್ಲಿಲ್ಲ." ಎಲ್ಲವನ್ನೂ ಹೇಳಿದಳು. ಮುಂಜಾನೆಯ ಚಹಾ, ದಿನಾ ಅದೇ ಲೆಕ್ಕ, ಅರ್ಧಕ್ಕೆ ನಿಂತದ್ದು. "ಹೇಳಬೇಕಿತ್ತಾ? ನೀ ದವಾಖಾನ್ಯಾಗ ಇಂಥವ್ರನ್ನ ನೋಡೀದಿ. ಹೇಳು."

"ಯಾವ ಲೆಕ್ಕ?" ಎಂದಳು ಯಶೋಧರಾ.

"ಮದುವಿ ಮನೀದು. ಕೈ ಕುಲುಕೋದು."

ಮಗಳು ಮೆಲ್ಲಗೆ ತಿರುಗಿ ತಾಯಿಯ ಮುಖ ನೋಡಿದಳು. "ಅದೇನಾ?"

"ಅದೇ. ನನಗ ಬ್ಯಾರೇದು ಬರ್ತಿದ್ದಿಲ್ಲ."

"ಅವತ್ತ ನಾ ಕೆಳಗ ಹೋಗಿದ್ನಿ. ಅದರ ಉತ್ತರ ಇವತ್ತಿನ ತನಕ ನನಗ ಗೊತ್ತಿಲ್ಲ." ತಾಯಿಯತ್ತ ಸರಿದು, "ಹೇಳು" ಎಂದಳು.

ವಿಚಾರ ಮಾಡು ಎಂಬ ಮಾತು ಶೇವಂತಾಳ ತುಟಿಯ ತನಕ ಬಂತು. ಅದನ್ನು ನುಂಗಿಕೊಂಡಳು. ಮಗಳ ಬಲಗೈ ಎಳೆದು ತನ್ನ ತೊಡೆಯ ಮೇಲೆ ಬಿಡಿಸಿಟ್ಟಳು.

"ಐದು ಬೆರಳು, ಐದು ಮಂದಿ ಅನ್ನು. ತನ್ನ ಕೈ ತಾನು ಕುಲುಕೋದಿಲ್ಲ. ಹಂಗಾದ್ರ ಒಬ್ಬ ಭಾಳಂದ್ರ ನಾಕು ಮಂದೀದು ಕುಲುಕಬಹುದು, ಕಮ್ಮಿ ಅಂದ್ರ ಯಾರದೂ ಇಲ್ಲ. ಎಲ್ಲಾರದೂ ಬ್ಯಾರೇ ಬ್ಯಾರೇ ಎಣಿಕಿ ಇರಬೇಕಂದ್ರ ಕಿರಿಬೆರಳಿಂದು ಸೊನ್ನಿ, ಮುಂದಿಂದು ಒಂದು, ಎರಡು, ಮೂರು, ಹೆಬ್ಬೆಟ್ಟಿಂದು ನಾಕು. ಹೌದಲ?"

"ಹೂಂ."

"ಹೆಬ್ಬೆಟ್ಟು ಎಲ್ಲಾರ ಕೈ ಹಿಡದದ. ಕಿರಿಬೆರಳಿನ ಕೈ ಯಾರೂ ಹಿಡದಿಲ್ಲ. ಹೆಂಗಾಗ್ತದ ಅದು? ಎಲ್ಲಾರದೂ ಹಿಡದಾವ ಇದರದೂ ಹಿಡದಿರಬೇಕಲ. ಅಂದ್ರ ಸೊನ್ನಿ, ನಾಕು ಎರಡೂ ಒಂದೇ ಮನ್ಯಾಗ ಇರಲ್ಲ. ಆ ಎರಡರಾಗ ಒಂದು ಹೋಯ್ತು, ಐದರಾಗ ನಾಕೇ ಎಣಿಕಿ ಉಳೀತು. ಐದು ಮಂದಿಗಿ ನಾಕು ಎಣಿಕಿ. ಇಬ್ಬರದು ಸಮ ಬರ್ಲೇಬೇಕು."

ಯಶೋಧರಾ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ಇಷ್ಟೇನಾ?" ಎಂದಳು. ದನಿ ಒಡೆಯಿತು. "ಇಷ್ಟೇನಾ ಅವ್ವಾ? ಇಷ್ಟು ಹೇಳಿದ್ರ ಆಗ್ತಿತ್ತಲ."

ಮುಂಜಾನೆಯಿಂದ ಬಾರದ ಅಳು ಈಗ ಬಂತು. ಒಳಗಿಂದ ತುಕಾರಾಮ ಯಾರನ್ನೋ ಕರೆಯುತ್ತಿದ್ದರು, ಗಾಡಿ ಹೊರಡುತ್ತದೆ ಎಂದು. ಶೇವಂತಾ ಏಳಲಿಲ್ಲ. ಮಗಳ ತಲೆ ಭುಜಕ್ಕೆ ಒರಗಿಸಿಕೊಂಡು, ಆ ಕೈಯನ್ನು ಮತ್ತೆ ಬಿಡಿಸಿ ಹಿಡಿದಳು. "ಐದು ಬೆರಳು, ಐದು ಮಂದಿ ಅನ್ನು" ಎಂದು ಮೊದಲಿನಿಂದ ಶುರು ಮಾಡಿದಳು. ಹೆಬ್ಬೆಟ್ಟಿನ ಮಾತು ಬಂದಾಗ ಅದನ್ನು ಮೆಲ್ಲಗೆ ಬಾಗಿಸಿ, ಅಂಗೈ ದಾಟಿಸಿ, ಕಿರಿಬೆರಳಿಗೆ ತಾಗಿಸಿದಳು. ತಾಗಿದ್ದು ಬಿಡದಂತೆ ಆ ಎರಡನ್ನೂ ತನ್ನ ಮುಷ್ಟಿಯೊಳಗೆ ಹಿಡಿದುಕೊಂಡು ಕೂತಳು.