ಅಳಿಯನ ಮರ್ಯಾದೆ

ಕಾಪುವಿನಲ್ಲಿ ಎದೆನೋವು ಬರುವುದು ಒಬ್ಬರಿಗೆ, ಆಸ್ಪತ್ರೆಗೆ ಬರುವುದು ಇಡೀ ಮನೆ. ನಮ್ಮದು ಸಣ್ಣ ಆಸ್ಪತ್ರೆ, ಎಮರ್ಜೆನ್ಸಿ ಎಂದರೆ ಒಂದು ಹಾಲ್, ಮಂಚಗಳ ನಡುವೆ ತೆಳು ಪರದೆ. ಪರದೆಯಿಂದ ಮುಖ ಮರೆಯಾಗುತ್ತದೆ, ಮಾತು ಮರೆಯಾಗುವುದಿಲ್ಲ. ನಾನು ಕಾರ್ಕಳದವಳು, ಬಾಯಿ ಸ್ವಲ್ಪ ಜೋರು. ಎಷ್ಟು ಜೋರಾಗಿ ಗದರಿಸಿದರೂ ಈ ಜನ ಬಾಗಿಲ ತನಕ ಹೋಗಿ, ನಾನು ಬೆನ್ನು ತಿರುಗಿಸಿದ ಕೂಡಲೇ ವಾಪಸ್ ಬಂದಿರುತ್ತಾರೆ.

ಆ ಶುಕ್ರವಾರ ಜುಮಾ ನಮಾಝ್ ಮುಗಿದು ಊಟದ ಹೊತ್ತಿಗೆ ಬಂದದ್ದು ಪುತ್ತುಬ್ಬರ ಮನೆಯವರು. ಪುತ್ತುಬ್ಬ ಆದಿ ಉಡುಪಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಒಣಮೆಣಸಿನ ವ್ಯಾಪಾರ ಮಾಡುವ ಹಿರಿಯರು, ಊರಿಗೆಲ್ಲ ಪುತ್ತುಬ್ಬಾಕ. ಅವರ ಹೃದಯಕ್ಕೆ ಔಷಧಿ ಕೊಡುತ್ತಿದ್ದವಳು ನಾನೇ. ಈ ಸಲ ಅವರಿಗೇನೂ ಆಗಿರಲಿಲ್ಲ. ಬೆವರಿನಲ್ಲಿ ತೊಯ್ದು ಸ್ಟ್ರೆಚರಿನ ಮೇಲೆ ಮಲಗಿದ್ದವರು ಅವರ ಅಳಿಯ ಇಮ್ತಿಯಾಝ್.

ಬ್ಯಾರಿಗಳಲ್ಲಿ ಅಳಿಯನೆಂದರೆ ಪುದಿಯಾಪ್ಲ, ಮದುವೆಯಾಗಿ ಎಷ್ಟು ಕಾಲವಾದರೂ ಹೆಂಡತಿಯ ಮನೆಯಲ್ಲಿ ಹೊಸ ಮದುಮಗನೇ. ಅವನೊಬ್ಬನನ್ನೇ ಬಿಡುವುದೆಂದರೆ ಅವಮಾನ ಮಾಡಿದ ಹಾಗೆ. ಅದರ ಮೇಲೆ ಇಮ್ತಿಯಾಝರ ವಿಷಯ ಇನ್ನೂ ಸೂಕ್ಷ್ಮ. ಸೌದಿಯ ಜುಬೈಲಿನಲ್ಲಿ ಕೆಲಸ, ಮೊದಲ ಹೆಂಡತಿ ತೀರಿಕೊಂಡಿದ್ದಾರೆ, ವಯಸ್ಸು ಐವತ್ತರ ಹತ್ತಿರ. ಪುತ್ತುಬ್ಬರ ಮಗಳು, ಮೂವತ್ತೂ ತುಂಬದ ನುಸ್ರತ್‌ಳನ್ನು ಅವರಿಗೆ ಕೊಡುವಾಗ ಮನೆಯಲ್ಲೇ ಗುಸುಗುಸು ಎದ್ದಿತ್ತು. ಅವಳ ಅಣ್ಣ ಝಿಯಾದ್ ಬಾಯಿಬಿಟ್ಟೇ ಬೇಡ ಅಂದಿದ್ದನಂತೆ. ಪುತ್ತುಬ್ಬ ಹಟ ಹಿಡಿದು ಮಾಡಿಸಿದ ಮದುವೆ ಅದು. ಇದನ್ನೆಲ್ಲ ನನಗೆ ಹೇಳಿದವರು ಅವರ ಹೆಂಡತಿ ನಬೀಸಾ. ಈ ಊರಲ್ಲಿ ಬಿಪಿ ನೋಡಿ ಮುಗಿಸುವಷ್ಟರಲ್ಲಿ ಮನೆಯ ಕಥೆ ಪೂರ್ತಿ ಸಿಗುತ್ತದೆ.

ಇಸಿಜಿ ನೋಡಿದಾಗ ಹೃದಯಾಘಾತವೆಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ನರ್ಸ್ ಡುಲ್ಸಿನ್ ಆಸ್ಪಿರಿನ್ ಅಗಿಯಲು ಕೊಟ್ಟಳು. ನಾನು ಮಣಿಪಾಲಕ್ಕೆ ಫೋನ್ ಮಾಡಿಸಿ, ಕೇಳಲೇಬೇಕಾದ ಪ್ರಶ್ನೆಗಳನ್ನು ಶುರು ಮಾಡಿದೆ. ಉತ್ತರವೆಲ್ಲ ಮಾವನ ಮನೆಯವರಿಂದಲೇ ಬಂತು. ಸಕ್ಕರೆ ಕಾಯಿಲೆ ಇಲ್ಲ. ಬೀಡಿ ಸಿಗರೇಟು ಮುಟ್ಟಿದವನೇ ಅಲ್ಲ.

"ನಿನ್ನೆ ಇವತ್ತು ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ?"

"ಇಲ್ಲ ಡಾಕ್ಟ್ರೇ, ಎಂತ ಮಾತ್ರೆಯೂ ಇಲ್ಲ," ಎಂದರು ನಬೀಸಾ. ಇಮ್ತಿಯಾಝ್ ನನ್ನನ್ನು ನೋಡಲಿಲ್ಲ. ಮಾವನನ್ನು ನೋಡಿ, ಆಮೇಲೆ ಕಣ್ಣು ಮುಚ್ಚಿಕೊಂಡರು. ಅದು ನನಗೆ ಸರಿ ಕಾಣಲಿಲ್ಲ.

"ಇಲ್ಲೇ ಎಕ್ಸ್‌ರೇ ತೆಗೆಯುವುದುಂಟು, ಕಿರಣ ತಾಗಿದರೆ ನಿಮಗೇ ಕಷ್ಟ," ಎಂದು ಗದರಿದೆ. ಹಸಿ ಸುಳ್ಳು, ಯಂತ್ರ ಕೆಟ್ಟು ಮೂಲೆ ಸೇರಿತ್ತು. ಡುಲ್ಸಿನ್ ಮುಖ ಬಿಗಿಹಿಡಿದು ಎಲ್ಲರನ್ನೂ ಹೊರಗೆ ದಾಟಿಸಿದಳು. ನಾನು ಬಗ್ಗಿ, ಕಿವಿಯ ಹತ್ತಿರ ಕೇಳಿದೆ.

"ಗಂಡಸರು ರಾತ್ರಿಗೆ ತೆಗೆದುಕೊಳ್ಳುವ ಮಾತ್ರೆ ಉಂಟಲ್ಲ, ಅದು ತೆಗೆದುಕೊಂಡಿದ್ದೀರಾ? ನಾಚಿಕೆ ಬಿಡಿ. ಗೊತ್ತಿಲ್ಲದೆ ನಾನು ಎದೆನೋವಿನ ಮಾತ್ರೆ ಕೊಟ್ಟರೆ ನಿಮ್ಮ ಬಿಪಿ ಬಿದ್ದುಹೋಗುತ್ತದೆ, ಎಬ್ಬಿಸುವುದು ನನ್ನಿಂದ ಆಗುವುದಿಲ್ಲ."

ಅವರು ಕಣ್ಣು ತೆರೆದು ಬಾಗಿಲ ಕಡೆ ನೋಡಿದರು. "ನಿನ್ನೆ. ಇವತ್ತು ಬೆಳಿಗ್ಗೆಯೂ," ಎಂದರು. ನನ್ನ ಕೈ ಹಿಡಿದರು. "ಇದು ಹೊರಗೆ ಹೋಗಬಾರದು ಡಾಕ್ಟ್ರೇ. ಝಿಯಾದ್ ಅಲ್ಲೇ ನಿಂತಿದ್ದಾನೆ. ಮಾವ ನನಗೋಸ್ಕರ ಎಲ್ಲರ ಹತ್ತಿರ ನಿಷ್ಠುರ ಆಗಿದ್ದಾರೆ."

"ಹೋಗುವುದಿಲ್ಲ," ಎಂದೆ. ಮಾತು ಕೊಟ್ಟೆ, ಮನಸಾರೆ ಕೊಟ್ಟೆ. ರೋಗಿಯ ಗುಟ್ಟು ರೋಗಿಯದ್ದು. ಮಣಿಪಾಲದ ವೈದ್ಯರಿಗೆ ನಾನೇ ಫೋನಿನಲ್ಲಿ ಹೇಳಿದೆ, ಡುಲ್ಸಿನ್‌ಗೂ ಹೇಳಿದೆ. ಗೊತ್ತಿರಬೇಕಾದವರಿಗೆಲ್ಲ ಗೊತ್ತಾಯಿತು ಎಂದು ಸಮಾಧಾನವೂ ಆಯಿತು.

ಬಾಗಿಲು ತೆರೆದದ್ದೇ ಪುತ್ತುಬ್ಬ ಎಲ್ಲರಿಗಿಂತ ಮೊದಲು ಒಳಗೆ ಬಂದರು. ಅಳಿಯ ನೋವಿಗೆ ನರಳುವುದನ್ನು ನೋಡಿ ಶರ್ಟಿನ ಕಿಸೆಯಿಂದ ಪುಟ್ಟ ಶೀಶೆ ತೆಗೆದರು.

"ಇದು ಕೊಟ್ಟಿದ್ದೀರಾ? ನಾಲಗೆಯ ಅಡಿಗೆ ಇಡುವುದು?"

"ಬೇಡ ಪುತ್ತುಬ್ಬಾಕ. ಅವರಿಗೆ ಅದು ಬೇಡ."

"ಬೇಡವಾ? ನನಗೆ ಹೇಳಿದ್ದು ನೀವೇ ಅಲ್ವಾ, ಎದೆ ಹಿಡಿದರೆ ಯೋಚನೆ ಮಾಡುತ್ತಾ ಕೂರಬೇಡಿ, ಮೊದಲು ಇದನ್ನು ಇಡಿ ಅಂತ?"

ಹೇಳಿದ್ದೆ. ಹಾಗೆಯೇ ಹೇಳಿದ್ದೆ. ಆ ಮಾತ್ರೆ ಅವರನ್ನು ಬದುಕಿಸಿಯೂ ಇತ್ತು.

"ಬಿಪಿ ಇಳಿಯುತ್ತದೆ," ಎಂದೆ.

ಅವರು ಮಾನಿಟರ್ ಕಡೆ ಕೈ ತೋರಿಸಿದರು. ಬಿಪಿ ಇಳಿಯುವುದಿರಲಿ, ಏರಿಯೇ ಇತ್ತು. ಆಸ್ಪತ್ರೆ ಅಲೆದು ಅಲೆದು ಅವರಿಗೆ ಆ ಅಂಕೆಗಳನ್ನು ಓದಲು ಬರುತ್ತಿತ್ತು. ಅವರ ಮುಖದಲ್ಲಿ ನನ್ನ ಮೇಲಿದ್ದ ನಂಬಿಕೆ ಅಲ್ಲಾಡಿದ್ದು ಕಣ್ಣಾರೆ ಕಂಡೆ.

ಆಂಬುಲೆನ್ಸಿನ ಬಾಗಿಲಲ್ಲಿ ಪುತ್ತುಬ್ಬ ನನ್ನನ್ನು ಮತ್ತೆ ತಡೆದರು. "ಒಂದು ಕಾರಣ ಹೇಳಿ ಮಾರಾಯ್ರೆ. ಇದು ಬೇರೆ ಯಾರ ಮನೆಯ ಮಗನೋ ಅಲ್ಲ. ನನ್ನ ಪುದಿಯಾಪ್ಲ."

ಅವರ ಹಿಂದೆಯೇ ಝಿಯಾದ್ ನಿಂತಿದ್ದ. ನಬೀಸಾ, ನುಸ್ರತ್, ಯಾರೋ ಚಿಕ್ಕಪ್ಪಂದಿರು. ಸ್ಟ್ರೆಚರಿನ ಮೇಲಿಂದ ಇಮ್ತಿಯಾಝ್ ನನ್ನನ್ನು ನೋಡಿ ತಲೆಯನ್ನು ಮೆಲ್ಲಗೆ ಅಡ್ಡ ಆಡಿಸಿದರು.

"ಅವರ ದೇಹಕ್ಕೆ ಒಗ್ಗುವುದಿಲ್ಲ," ಎಂದೆ.

"ನೀವು ಅವನನ್ನು ಕಂಡದ್ದೇ ಈಗ. ಒಗ್ಗುವುದಿಲ್ಲ ಅಂತ ಹೇಗೆ ಗೊತ್ತು?"

ಅಲರ್ಜಿ ಎನ್ನಬಹುದಿತ್ತು. ಎಕ್ಸ್‌ರೇ ಸುಳ್ಳು ಹೇಳಿದ ನಾಲಗೆಗೆ ಈ ಸುಳ್ಳು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಹೆದರಿಕೆಗೆ ನನಗೆ ಬಂದದ್ದು ಬರೀ ಸಿಟ್ಟು. "ಡಾಕ್ಟರ್ ನಾನಾ ನೀವಾ? ಕೊಡಬೇಡಿ ಅಂದರೆ ಕೊಡಬೇಡಿ, ಅಷ್ಟೇ!"

"ಆಯ್ತು," ಎಂದರು. ವ್ಯಾಪಾರ ಕುದುರದಿದ್ದಾಗ ಅಂಗಡಿಯವರು ಹೇಳುವ ಆಯ್ತು ಅದು. ಕಾರಿನಲ್ಲಿ ಹಿಂದೆ ಬನ್ನಿ ಎಂದರೂ ಕೇಳಲಿಲ್ಲ. ಅಳಿಯನೊಬ್ಬನನ್ನೇ ಕಳಿಸಿದರೆ ಊರಿಗೆ ಮುಖ ತೋರಿಸುವುದು ಹೇಗೆ ಎಂದು ಒಳಗೆ ಹತ್ತಿ ಕುಳಿತರು. ನಾನು ರೋಗಿಯ ಜೊತೆ ಹೊರಟಿದ್ದ ಡುಲ್ಸಿನ್‌ಗೆ ಕಣ್ಣಲ್ಲೇ ಎಚ್ಚರಿಕೆ ಹೇಳಿದೆ. ಹಾಲ್‌ನಲ್ಲಿ ಬೇರೆ ರೋಗಿಗಳಿದ್ದರು, ಡ್ಯೂಟಿಯಲ್ಲಿದ್ದವಳು ನಾನೊಬ್ಬಳೇ. ಹೋಗುವ ಹಾಗಿರಲಿಲ್ಲ.

ಗಾಡಿ ಹೈವೇಗೆ ತಿರುಗಿ ಸೈರನ್ ಸದ್ದು ಅಡಗುವ ತನಕ ಅಲ್ಲೇ ನಿಂತಿದ್ದೆ. ಒಳಗೆ ಬಂದು ಒಂದು ಮಗುವಿನ ಜ್ವರ ನೋಡಿದೆ, ತಾಯಿ ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ. ಕಿವಿಯೆಲ್ಲ ಫೋನಿನ ಮೇಲೆ.

ಫೋನ್ ಬಂತು. ಡುಲ್ಸಿನ್.

"ಡಾಕ್ಟ್ರೇ, ಕಟಪಾಡಿ ದಾಟಿದೆವು. ಬಿಪಿ ಸಿಗುತ್ತಾ ಇಲ್ಲ. ಈಗ ಸರಿಯಿತ್ತು, ಡ್ರಿಪ್ ಸರಿ ಮಾಡಲು ತಿರುಗಿದ್ದೆ ಅಷ್ಟೇ..."

"ಬಾಯಿ ನೋಡು! ಬಾಯಿ ತೆರೆದು ನೋಡು!"

ಅವಳು ನೋಡಿದಳು. ಅವಳ ಉಸಿರಿನಲ್ಲೇ ನನಗೆ ತಿಳಿಯಿತು. ಹಿಂದಿನಿಂದ ಪುತ್ತುಬ್ಬರ ದನಿ ಕೇಳುತ್ತಿತ್ತು, ಮಗುವನ್ನು ರಮಿಸುವ ದನಿ. "ಈಗ ಕಡಿಮೆ ಆಗುತ್ತದೆ, ಈಗ ಕಡಿಮೆ ಆಗುತ್ತದೆ." ಕಾಲು ಎತ್ತಿಸು, ಡ್ರಿಪ್ ಪೂರ್ತಿ ಬಿಡು ಎಂದು ನಾನು ಕಿರುಚಿದೆ. ಅವಳು ಎಲ್ಲವನ್ನೂ ಮಾಡಿದಳು. ಮಣಿಪಾಲ ತಲುಪುವ ಮೊದಲೇ ಇಮ್ತಿಯಾಝ್ ತೀರಿಕೊಂಡಿದ್ದರು.

ಪುತ್ತುಬ್ಬ ಮತ್ತೆ ಬಂದದ್ದು ತಮ್ಮ ತಪಾಸಣೆಗೆ, ಝಿಯಾದ್‌ನ ಜೊತೆ. ನುಸ್ರತ್ ಗಂಡ ಸತ್ತ ಮೇಲಿನ ಇದ್ದತ್ ಹಿಡಿದು ಮನೆಯೊಳಗೇ ಇದ್ದಾಳೆ ಎಂದರು. ಮಾಂಸ ಕರಗಿ ಅವರ ಮುಖದಲ್ಲಿ ಎಲುಬು ಕಾಣುತ್ತಿತ್ತು. ಬೈಯುತ್ತಾರೆ ಎಂದು ಕಾದೆ, ಬೈದರೆ ಒಳ್ಳೆಯದೇ ಇತ್ತು.

"ನಿಮ್ಮ ಮಾತು ಮೀರಿ ಕೊಟ್ಟೆ ಡಾಕ್ಟ್ರೇ," ಎಂದರು. "ಅವನ ನೋವು ನೋಡಲಿಕ್ಕೆ ಆಗಲಿಲ್ಲ. ಎರಡು ಇಟ್ಟೆ. ನಾಲಗೆ ಎತ್ತಲು ಅವನಿಗೆ ಮನಸ್ಸಿರಲಿಲ್ಲ, ಬೇಡ ಬೇಡ ಅಂದ. ನಾನೇ ಬಾಯಿ ಬಿಡಿಸಿದೆ. ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು. ಆ ಮಾತ್ರೆ ಇಲ್ಲಿಯೇ ಇಟ್ಟಿದ್ದರೆ ಬದುಕುತ್ತಿದ್ದ, ಅಲ್ವಾ?"

ಬೇಡ ಬೇಡ ಅಂದವರು ಯಾಕೆ ಅಂತ ಹೇಳಲಿಲ್ಲ. ಮಾವನ ಎದುರು ಅದೊಂದನ್ನು ಹೇಳುವ ಬದಲು ಬಾಯಿ ತೆರೆದರು. ನಿಮ್ಮ ಕೈಯಿಂದಲೇ ಹೋದರು ಎಂದು ಈ ಮುದುಕನಿಗೆ ಹೇಗೆ ಹೇಳಲಿ?

"ಹೌದು ಪುತ್ತುಬ್ಬಾಕ," ಎಂದೆ. "ನನ್ನಿಂದಲೇ ತಡವಾಯಿತು."

ಅವರು ತಲೆಯಾಡಿಸಿದರು. ಸಿಟ್ಟಿರಲಿಲ್ಲ. ಎದ್ದು, ಮಗನ ಶರ್ಟಿನ ಕಿಸೆ ತಟ್ಟಿದರು. ಒಳಗೆ ಗಾಜಿನ ಸದ್ದಾಯಿತು. "ಈಗ ಮನೆಯಲ್ಲಿ ಎಲ್ಲರ ಹತ್ತಿರವೂ ಒಂದೊಂದು ಉಂಟು. ಮಾರುಕಟ್ಟೆಯಲ್ಲೂ ಹೇಳಿದ್ದೇನೆ. ಯಾರಿಗೇ ಎದೆ ಹಿಡಿಯಲಿ, ಡಾಕ್ಟರನ್ನು ಕಾಯುವುದಿಲ್ಲ. ಬೇಡ ಅಂದರೂ ಇಟ್ಟುಬಿಡುವುದೇ."

ಅವರು ಬಾಗಿಲ ಚಿಲಕಕ್ಕೆ ಕೈ ಹಾಕಿದ್ದರು.

"ಪುತ್ತುಬ್ಬಾಕ, ಹೋಗಬೇಡಿ," ಎಂದೆ. ಝಿಯಾದ್‌ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. "ಕುಳಿತುಕೊಳ್ಳಿ. ನಿಮ್ಮ ಹತ್ತಿರ ಒಂದು ಮಾತು ಹೇಳುವುದುಂಟು."

ಅವರು ಕುಳಿತರು. ಬಿಪಿ ನೋಡುವುದು ಬಾಕಿ ಇದೆಯೆಂದು ತಿಳಿದು, ಶರ್ಟಿನ ತೋಳು ಮೇಲಕ್ಕೆ ಮಡಚಿ ಕೈಯನ್ನು ನನ್ನ ಮುಂದೆ ಮೇಜಿನ ಮೇಲೆ ಚಾಚಿದರು.